‘ಊಟ, ವಸತಿ ಫ್ರೀ’ ಅಂದ ಆಸ್ಟ್ರೇಲಿಯಾದ ಫಾರ್ಮಿನಲ್ಲಿ 47 ದಿನ

ಒಂದು ವರ್ಷ ಸುತ್ತಾಡುತ್ತಾ ಕೆಲಸವನ್ನೂ ಮಾಡಬಹುದಾದ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ (462) ನಮ್ಮವರಿಗೂ ಸಿಗಲು ಶುರುವಾದ ಮೇಲೆ, ಅಲ್ಲಿನ ಫಾರ್ಮ್‌ಗಳಲ್ಲಿ ಕೆಲಸ ಹುಡುಕೋದು ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಹುಡುಕೋದು ಸುಲಭ. ನಾನು ಸುಲಭವಾಗಿ ಸಿಕ್ಕಿದ್ದಕ್ಕೇ ಹೋಗಿ ಕೆಟ್ಟೆ.

2024ರ ಅಕ್ಟೋಬರ್‌ನಲ್ಲಿ 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಈ ವೀಸಾದ ಲಾಟರಿಗೆ ಹೆಸರು ಹಾಕಿದ್ದೆ. ಇಡೀ ದೇಶಕ್ಕೆ 1,000 ವೀಸಾ, ಅದರಲ್ಲಿ ನನ್ನದೂ ಒಂದು. 2025ರ ಮಾರ್ಚ್‌ನಲ್ಲಿ ಬಂದಿಳಿದೆ. ಎರಡು ವಾರ ಸಿಡ್ನಿಯ ಹಾಸ್ಟೆಲ್ ಬಾಡಿಗೆ ಕೊಟ್ಟಾಗ ಜೇಬು ತಳ ಕಾಣಿಸಿತು. ಆಗ ಕಣ್ಣಿಗೆ ಬಿದ್ದಿದ್ದು ನ್ಯೂ ಸೌತ್ ವೇಲ್ಸ್‌ನ ಉತ್ತರದ ಗುಡ್ಡಗಳಲ್ಲಿರುವ ಒಂದು ಇಕೋ ರಿಟ್ರೀಟ್. ದನ, ಹಣ್ಣಿನ ತೋಟ, ಯೋಗದ ಹಾಲ್, ಆರು ಮರದ ಮನೆಗಳು. ಫೋಟೋ ನೋಡಿದರೆ ನಮ್ಮ ಮೂಡಿಗೆರೆಯ ಹೋಂಸ್ಟೇ ಹಾಗೇ ಇತ್ತು.

ಒಪ್ಪಂದ ಹೀಗೆ: ದಿನಕ್ಕೆ 5 ಗಂಟೆ, ವಾರಕ್ಕೆ 5 ದಿನ ಕೆಲಸ. ಅದಕ್ಕೆ ಬದಲಾಗಿ ಊಟ ಮತ್ತು ಹಳೇ ಕ್ಯಾರವಾನ್‌ನಲ್ಲಿ ಹಾಸಿಗೆ. ಸಂಬಳ ಇಲ್ಲ. ಇದು ಕೆಲಸವಲ್ಲ, ವಿನಿಮಯ ಅಂದರು ಓನರಮ್ಮ. ಎರಡನೇ ವರ್ಷದ ವೀಸಾಕ್ಕೆ ಮೂರು ತಿಂಗಳು ಹಳ್ಳಿ ಕಡೆ ಗೊತ್ತುಪಡಿಸಿದ ಕೆಲಸ ಮಾಡಿರಬೇಕು. ಅಲ್ಲಿ ಎಲ್ಲರೂ ಅದನ್ನು ‘88 ದಿನ’ ಅಂತಾರೆ. "ಆ ಲೆಕ್ಕಕ್ಕೂ ಇದು ಸೇರುತ್ತೆ, ಯೋಚನೆ ಮಾಡಬೇಡ" ಅಂದರು. ‘ವಾಲಂಟಿಯರ್’ ಅಂತ ಬರೆದ ಕಾಗದಕ್ಕೆ ಸಹಿ ಹಾಕಿ, 400 ಡಾಲರ್ ಅಡ್ವಾನ್ಸ್ ಕೊಟ್ಟೆ. ಕೆಲಸಕ್ಕೆ ಸೇರುವವನೇ ದುಡ್ಡು ಕೊಡೋದು ಅಂದರೆ ಏನು ಅಂತ ಆವತ್ತೇ ಹೊಳೀಬೇಕಿತ್ತು.

ಮೊದಲ ವಾರ ಲಂಟಾನ ಪೊದೆ ಕಡಿದೆ. ಹೌದು, ಅದೇ ಲಂಟಾನ, ಅಲ್ಲೂ ಗುಡ್ಡದ ತುಂಬಾ ಹಬ್ಬಿದೆ. ಫೋನಲ್ಲಿ ಹೇಳಿದಾಗ ಅಪ್ಪ ನಕ್ಕಿದ್ದೇ ನಕ್ಕಿದ್ದು. "ಅಲ್ಲ ಮಗಾ, ಇಲ್ಲಿ ತೋಟದ ಬೇಲಿ ಸವರು ಅಂದ್ರೆ ಬೆನ್ನು ನೋವು ಅಂತಿದ್ದೆ. ಕೈಯಿಂದ ದುಡ್ಡು ಹಾಕಿ ಅಲ್ಲಿಗೆ ಹೋಗಿ ಕಡೀತಿದ್ದೀಯಾ?" ಎರಡನೇ ವಾರದಿಂದ ತೋಟದ ಕೆಲಸ ಕಡಿಮೆಯಾಗಿ ಗೆಸ್ಟ್‌ಗಳ ಕೆಲಸ ಶುರುವಾಯಿತು. ಹಾಸಿಗೆ ಬದಲಿಸು, ಪಾತ್ರೆ ತೊಳೆ, ಕಾಂಪೋಸ್ಟ್ ಟಾಯ್ಲೆಟ್‌ನ ಡ್ರಮ್ ಖಾಲಿ ಮಾಡು. ಓನರಮ್ಮ ದಿನಾ ಬೆಳಿಗ್ಗೆ ಕೈ ಮುಗಿದು ‘ನಮಸ್ತೇ’ ಅಂದು, ಆಮೇಲೆ ಬಕೆಟ್ ತೋರಿಸುತ್ತಿದ್ದರು. 5 ಗಂಟೆ ಅಂದಿದ್ದು 7 ಆಯಿತು, ರಜೆ ಅಂತಲೇ ಇಲ್ಲದೆ ಶನಿವಾರ ಭಾನುವಾರ 9. ಇಂಬಳ ನನಗೆ ಹೊಸದಲ್ಲ, ಆದರೆ ಅಲ್ಲಿನ ಪ್ಯಾರಾಲಿಸಿಸ್ ಟಿಕ್ ಅನ್ನೋ ಉಣ್ಣೆ ಕಚ್ಚಿ ಕುತ್ತಿಗೆ ಊದಿಕೊಂಡಾಗ ಹೆದರಿದ್ದೆ. ಟೀ ಟ್ರೀ ಎಣ್ಣೆ ಹಚ್ಚಿಕೋ ಅಂದರು, ಅಷ್ಟೇ.

ಬಿಟ್ಟು ಬರಬಹುದಿತ್ತಲ್ಲ ಅಂತೀರಿ. ಗೇಟಿಗೆ ಬೀಗ ಇರಲಿಲ್ಲ. ಬಸ್ಸೂ ಇರಲಿಲ್ಲ. ಪೇಟೆ 38 ಕಿಲೋಮೀಟರ್ ದೂರ, ಗುರುವಾರ ಮಾತ್ರ ಓನರಮ್ಮನ ಕಾರು ಹೋಗುತ್ತಿತ್ತು. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ದಿನವಿಡೀ ದುಡಿದವನಿಗೆ ರಾತ್ರಿ ಗುಡ್ಡ ಹತ್ತಿ ಬೇರೆ ಕೆಲಸ ಹುಡುಕುವ ಶಕ್ತಿ ಎಲ್ಲಿರುತ್ತೆ? ಕೈಯಲ್ಲಿ ಕಾಸಿಲ್ಲ, ಹೋದರೆ 400 ಡಾಲರೂ ಹೋಗುತ್ತೆ, ಇಷ್ಟು ದಿನ ಮಾಡಿದ್ದೂ ಹೋಗುತ್ತೆ. ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ ನೋಡೋಣ ಅಂತಲೇ ಕಳೆದುಹೋಯಿತು.

ಕಣ್ಣು ತೆರೆಸಿದ್ದು ಹೊಸದಾಗಿ ಬಂದ ಒಬ್ಬ ಫ್ರೆಂಚ್ ಹುಡುಗಿ. "ಪೇಸ್ಲಿಪ್ ಎಲ್ಲಿ?" ಅಂತ ಕೇಳಿದಳು. ಆ ರಾತ್ರಿ ಗುಡ್ಡ ಹತ್ತಿ ವೀಸಾ ನಿಯಮ ಪೂರ್ತಿ ಓದಿದೆ. ಸಂಬಳವಿಲ್ಲದ ವಾಲಂಟಿಯರ್ ಕೆಲಸ 88 ದಿನಕ್ಕೆ ಸೇರೋದೇ ಇಲ್ಲ. ಇನ್ನೊಂದು ವಿಷಯ, 462 ವೀಸಾದವರಿಗೆ ಪ್ರವಾಸೋದ್ಯಮದ ಕೆಲಸ ಲೆಕ್ಕಕ್ಕೆ ಬರೋದು ಉತ್ತರ ಆಸ್ಟ್ರೇಲಿಯಾದಲ್ಲಿ ಮತ್ತು ‘ದೂರದ’, ‘ತೀರಾ ದೂರದ’ ಅಂತ ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ. ನಾನಿದ್ದ ಜಾಗ ಇದ್ಯಾವುದರಲ್ಲೂ ಇಲ್ಲ. ಅಂದರೆ ಹಾಸಿಗೆ ಬದಲಿಸಿದ್ದಕ್ಕೆ ಸಂಬಳ ಕೊಟ್ಟಿದ್ದರೂ ಒಂದು ದಿನವೂ ಸೇರುತ್ತಿರಲಿಲ್ಲ. ಯುರೋಪಿನ ಹುಡುಗರದ್ದು ಹೆಚ್ಚಾಗಿ 417 ಅನ್ನೋ ವರ್ಕಿಂಗ್ ಹಾಲಿಡೇ ವೀಸಾ, ಅದರ ಪಟ್ಟಿಯೇ ಬೇರೆ. ಅವರನ್ನು ಕೇಳಿ ಧೈರ್ಯ ತಂದುಕೊಳ್ಳಬೇಡಿ.

ಬೆಳಿಗ್ಗೆ ಸಂಬಳ ಕೇಳಿದೆ. ಆಗಿನ ಕನಿಷ್ಠ ಕೂಲಿ ಗಂಟೆಗೆ 24.10 ಡಾಲರ್, ಕ್ಯಾಶುವಲ್, ಅಂದರೆ ತಾತ್ಕಾಲಿಕ ಕೆಲಸ ಆದರೆ ಅದರ ಮೇಲೆ 25% ಸೇರಿ ಸುಮಾರು 30. ದಿನಕ್ಕೆ 7 ಗಂಟೆ ಅಂತ ಹಿಡಿದರೂ 47 ದಿನಕ್ಕೆ ಸುಮಾರು 9,900 ಡಾಲರ್ ಆಗುತ್ತೆ. ಓನರಮ್ಮನ ಮುಖದಿಂದ ನಮಸ್ತೇ ಮಾಯವಾಯಿತು. "ಇಮಿಗ್ರೇಷನ್‌ಗೆ ಫೋನ್ ಮಾಡ್ತೀನಿ, ವೀಸಾ ಕ್ಯಾನ್ಸಲ್ ಆಗುತ್ತೆ" ಅಂದರು. ನಾನು ನಂಬಿದೆ. ಬ್ಯಾಗ್ ಹೆಗಲಿಗೆ ಹಾಕಿ ನಡೆದೆ. ಪಕ್ಕದ ದನದ ಫಾರ್ಮಿನವರು ಪೇಟೆವರೆಗೆ ಬಿಟ್ಟರು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆ ಬೆದರಿಕೆ ಪೊಳ್ಳು ಅಂತ ಆಮೇಲೆ ಗೊತ್ತಾಯಿತು. ವೀಸಾ ತೋರಿಸಿ ಹೆದರಿಸಿ ದುಡಿಸಿಕೊಳ್ಳೋದು 2024ರ ಜುಲೈಯಿಂದ ಅಲ್ಲಿ ಅಪರಾಧ. ಲಾಭಕ್ಕೆ ನಡೆಯುವ ಜಾಗದಲ್ಲಿ ಸಂಬಳದವರು ಮಾಡುವ ಕೆಲಸವನ್ನೇ ನಿಮ್ಮಿಂದ ಮಾಡಿಸಿದರೆ, ಕಾಗದದಲ್ಲಿ ವಾಲಂಟಿಯರ್ ಅಂತಿದ್ದರೂ ಕಾನೂನು ನಿಮ್ಮನ್ನು ನೌಕರ ಅಂತಲೇ ನೋಡಬಹುದು. ಫೇರ್ ವರ್ಕ್ ಆಂಬುಡ್ಸ್‌ಮನ್ ಅನ್ನೋ ಸರ್ಕಾರಿ ಕಚೇರಿಗೆ 13 13 94ಕ್ಕೆ ಫೋನ್ ಮಾಡಿ ಕೇಳಬಹುದು. ನನ್ನ ದೂರಿಗೆ ಅವರು ಮೊದಲು ಕೇಳಿದ್ದು ಕೆಲಸದ ದಾಖಲೆ. ನನ್ನ ಹತ್ತಿರ ಇದ್ದಿದ್ದು ಅಪ್ಪನಿಗೆ ಕಳಿಸಿದ ವಾಟ್ಸಾಪ್ ಫೋಟೋಗಳು ಮಾತ್ರ. ನೀವಾದರೂ ದಿನಾ ಎಷ್ಟು ಗಂಟೆ, ಯಾವ ಕೆಲಸ ಅಂತ ಬರೆದಿಡಿ. ಹೋಗುವ ಮೊದಲೇ ಪಿನ್‌ಕೋಡ್ ಕೇಳಿ, ನಿಮ್ಮ ವೀಸಾದ ಪಟ್ಟಿಯಲ್ಲಿ ಇದೆಯಾ ಅಂತ ನೀವೇ ನೋಡಿ. ವಾಪಸ್ ಬರೋಕೆ ಬಸ್ಸಿದೆಯಾ ಅಂತಲೂ.

ನಾನು ಅಲ್ಲಿಂದ ಕ್ವೀನ್ಸ್‌ಲ್ಯಾಂಡ್‌ನ ಬೋವೆನ್‌ಗೆ ಹೋಗಿ ಟೊಮೇಟೊ ಕೊಯ್ದೆ. ಬಿಸಿಲು, ಸೊಂಟ ನೋವು, ರೂಮಿನಲ್ಲಿ ಎಂಟು ಜನ. ಆದರೆ ವಾರ ವಾರ ಪೇಸ್ಲಿಪ್ ಬರುತ್ತಿತ್ತು. ಮೊದಲನೆಯದನ್ನು ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ಟೊಮೇಟೊ ರೇಟ್ ಎಷ್ಟಿದೆ ಅಲ್ಲಿ?" ಅಂತ ಕೇಳಿದರು.