ಹೋತ ಆರಿಸೋಕೆ ನಾವು ಮಾಡಿ ನೋಡಿದ ಮೂರು ದಾರಿ

ಪುಣೆ–ಸೋಲಾಪುರ ರಸ್ತೆಯಲ್ಲಿ, ಲೋಣಿಯಿಂದ ಯವತದವರೆಗೆ, ನಮ್ಮ ಕಡೆಯ ನಾಲ್ಕು ಮನೆಯವರು ಆಡು ಸಾಕಿದ್ದಾರೆ. ಇಂಡಿ ತಾಲೂಕಿನ ಇಬ್ಬರು, ಜತ್ತದವರು ಒಬ್ಬರು, ಇನ್ನೊಬ್ಬರು ನನ್ನ ಸೋದರಮಾವ. ಎಲ್ಲವೂ ಉಸ್ಮಾನಾಬಾದಿ ತಳಿ. ಎಲ್ಲರದ್ದೂ ಸೇರಿಸಿದರೆ 150ರಷ್ಟು ತಾಯಿ ಆಡು. ನನಗೆ ಹಡಪಸರದಲ್ಲಿ ಸಾಫ್ಟ್‌ವೇರ್ ಕೆಲಸ, ಭಾನುವಾರ ಮಾತ್ರ ದೊಡ್ಡಿ. ಮಾಂಸಕ್ಕೆ ಸಾಕುವವರಿಗೆ ಮರಿ ಬೇಗ ತೂಕ ಬರಬೇಕು, ಅಷ್ಟೇ. ಅದಕ್ಕೆ ಯಾವ ಹೋತ ಬಿಡಬೇಕು? ನಾಲ್ಕು ವರ್ಷದಲ್ಲಿ ಮೂರು ದಾರಿ ನೋಡಿದೆವು.

ಮೊದಲನೆಯದು ಮಾವನ ಕಣ್ಣು. "ಇದರ ಎದಿ ನೋಡಪಾ, ಹೆಂಗ ಅಗಲ ಐತಿ" ಅಂತ ಹೋತದ ಬೆನ್ನ ಮೇಲೆ ಅಂಗೈ ಒತ್ತಿ ಹೇಳುತ್ತಾರೆ. ಕಾಲು, ಗೊರಸು, ಹಲ್ಲು, ಬೀಜ ನೋಡೋಕೆ ಇವತ್ತಿಗೂ ಆ ಕಣ್ಣೇ ಬೇಕು. ಯಾವ ಲೆಕ್ಕವೂ ಅದರ ಬದಲಿಗೆ ಬರಲ್ಲ. ಆದರೆ ಚೆನ್ನಾಗಿ ಹಿಂಡಿ ತಿಂದ ಹೋತ ಯಾವುದು, ರಕ್ತದಲ್ಲೇ ಬೆಳವಣಿಗೆ ಇರುವ ಹೋತ ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ. ಜೊತೆಗೆ, ಮನೆಯಲ್ಲೇ ಹುಟ್ಟಿದ ಹೋತವನ್ನು ಅದರ ಮಕ್ಕಳ ಮೇಲೆಯೇ ಬಿಡುವ ಅಭ್ಯಾಸ ಬೇರೆ.

ಎರಡನೆಯದು ತೂಕ ಮತ್ತು ಎಕ್ಸೆಲ್. ಕಿವಿಗೆ ನಂಬರ್ ಬಿಲ್ಲೆ ಹಾಕಿದೆವು. ಬೇವಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಗೋಣಿಚೀಲಕ್ಕೆ ನಾಲ್ಕು ತೂತು ಕೊರೆದು, ಅದರಲ್ಲಿ ಮರಿಯ ಕಾಲು ಇಳಿಸಿ ತೂಗಿದೆವು. ಮರಿ ಒಂದು ಕ್ಷಣ ಒದ್ದಾಡುತ್ತದೆ, ಆಮೇಲೆ ಸುಮ್ನೆ ಜೋತು ಬೀಳುತ್ತದೆ. ಮುಳ್ಳು ನಿಲ್ಲುವುದು ಆಗಲೇ, ಓದಬೇಕಾದದ್ದೂ ಆಗಲೇ. ಹುಟ್ಟಿದ ದಿನ ಒಂದು ಸಲ, 90 ದಿನಕ್ಕೆ ಇನ್ನೊಂದು ಸಲ.

ನಾಲ್ಕೂ ದೊಡ್ಡಿಯ ಮರಿಗಳನ್ನು ಒಂದೇ ಹಾಳೆಗೆ ಹಾಕಿ ತೂಕದ ಪ್ರಕಾರ ಜೋಡಿಸಿದೆ. ಮೇಲಿನ ಹತ್ತೂ ಒಂದೇ ದೊಡ್ಡಿಯವು! ಆ ಮನೆಯಲ್ಲಿ ಕುದುರೆಮಸಾಲೆ ಬೆಳೆಯುತ್ತಾರೆ, ಹಿಂಡಿಯೂ ಧಾರಾಳ. ಅದು ಮೇವಿನ ಪಟ್ಟಿ ಆಯಿತೇ ಹೊರತು ಹೋತದ ಪಟ್ಟಿ ಆಗಲಿಲ್ಲ. ಇನ್ನೊಂದು ತಪ್ಪೂ ಇತ್ತು. 13 ಕಿಲೋದ ಒಂಟಿ ಮರಿ ಮೇಲೆ ಬಂದಿತ್ತು, 10 ಕಿಲೋದ ಅವಳಿ ಮರಿ ಕೆಳಗೆ ಹೋಗಿತ್ತು. ಆ ಅವಳಿಯ ತಾಯಿ ಒಟ್ಟು 20 ಕಿಲೋ ಬೆಳೆಸಿದ್ದಳು ಅನ್ನೋದು ಹಾಳೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಅದಕ್ಕೆ ಅವಳಿ–ಒಂಟಿ, ಗಂಡು–ಹೆಣ್ಣು, ತಾಯಿಯ ವಯಸ್ಸು ಎಲ್ಲ ಸರಿದೂಗಿಸಿ, ಒಂದೇ ದೊಡ್ಡಿಯಲ್ಲಿ ಒಂದೇ ಹಂಗಾಮಿಗೆ ಹುಟ್ಟಿದ ಮರಿಗಳನ್ನು ಮಾತ್ರ ಹೋಲಿಸಿದೆವು. ಒಂದು ದೊಡ್ಡಿಯ ಒಳಗೆ ಇದು ಚೆನ್ನಾಗಿಯೇ ನಡೆಯುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಹೋತ ಆರಿಸಬೇಕು ಅಂದಾಗ ಮಾತ್ರ ಕೈ ಕೊಡುತ್ತದೆ. ಬಡಕಲು ಹಿಂಡಿನ ಮೊದಲನೆಯದು ದೊಡ್ಡದೋ, ಒಳ್ಳೆ ಹಿಂಡಿನ ಮೂರನೆಯದು ದೊಡ್ಡದೋ?

ಮೂರನೆಯದು ಎಲ್ಲರದ್ದೂ ಸೇರಿದ ಒಂದೇ ಲೆಕ್ಕ. ಎಲ್ಲ ದೊಡ್ಡಿಯ ತೂಕ, ರಕ್ತಸಂಬಂಧ ಒಟ್ಟಿಗೆ ಹಾಕಿ, ಒಂದೊಂದು ಹೋತದ ರಕ್ತದ ಗುಣಕ್ಕೆ ಒಂದು ಅಂಕಿ ತೆಗೆಯೋದು. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಹೊರದೇಶದ ಮಾಂಸದ ದನ ಸಾಕುವವರು. ಅಮೆರಿಕದಲ್ಲಿ ಒಂದೊಂದು ತಳಿಯ ಸಂಘ ತನ್ನದೇ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಆಂಗಸ್ ಹೋರಿಯ ಅಂಕಿಯನ್ನು ಸಿಮೆಂಟಲ್ ಹೋರಿಯ ಅಂಕಿಯ ಪಕ್ಕ ನೇರವಾಗಿ ಇಡೋಕೆ ಆಗುತ್ತಿರಲಿಲ್ಲ. ನೆಬ್ರಾಸ್ಕಾದ ಸರ್ಕಾರಿ ಸಂಶೋಧನಾ ಕೇಂದ್ರ ಅದಕ್ಕೆಂದೇ ಯಾವ ತಳಿಯ ಅಂಕಿಗೆ ಎಷ್ಟು ಕೂಡಿಸಿ ಸರಿಪಡಿಸಬೇಕು ಅನ್ನುವ ಪಟ್ಟಿ ಕೊಡುತ್ತಿತ್ತು. ಆಮೇಲೆ ಹಲವು ಸಂಘಗಳು ದಾಖಲೆ ಒಟ್ಟು ಮಾಡಿ ಐಜಿಎಸ್ (ಇಂಟರ್ನ್ಯಾಷನಲ್ ಜೆನೆಟಿಕ್ ಸೊಲ್ಯೂಷನ್ಸ್) ಹೆಸರಲ್ಲಿ ಒಂದೇ ಲೆಕ್ಕ ಶುರು ಮಾಡಿದವು. ಆಸ್ಟ್ರೇಲಿಯಾದಲ್ಲೂ ಇಂಥದ್ದೇ ಲೆಕ್ಕ ನಡೆಯುತ್ತದೆ: ದನಕ್ಕೆ ಬ್ರೀಡ್‌ಪ್ಲಾನ್ ಇದೆ, ಆಡಿಗೆ ಕಿಡ್‌ಪ್ಲಾನ್ ಅಂತಲೇ ಇದೆ. ಅಲ್ಲಿನ ಆರ್ಮಿಡೇಲ್‌ನ ತಳಿ ವಿಜ್ಞಾನಿ ಕರಿನ್ ಮೇಯರ್ ಇಂಥ ಲೆಕ್ಕ ಹಾಕೋಕೆ ಬರೆದ ವೊಂಬ್ಯಾಟ್ ಅನ್ನುವ ಪ್ರೋಗ್ರಾಂ ದುಡ್ಡಿಲ್ಲದೆ ಸಿಗುತ್ತದೆ. ನನ್ನ ಲ್ಯಾಪ್‌ಟಾಪಲ್ಲಿ ಓಡಿದ್ದು ಅದೇ.

ಮೊದಲ ಸಲ ಓಡಿಸಿದಾಗ ಅಂಕಿ ಬಂತು, ಆದರೆ ಅರ್ಥ ಇರಲಿಲ್ಲ. ಒಂದು ದೊಡ್ಡಿಗೂ ಇನ್ನೊಂದಕ್ಕೂ ರಕ್ತಸಂಬಂಧವೇ ಇರಲಿಲ್ಲ, ಅದಕ್ಕೆ. ಒಂದೇ ಹೋತದ ಮರಿಗಳು ನಾಲ್ಕೂ ಕಡೆ ಹುಟ್ಟಬೇಕು. ಆಗ ಆ ಮರಿಗಳಲ್ಲಿ ಕಾಣುವ ತೂಕದ ವ್ಯತ್ಯಾಸದಲ್ಲಿ ಮೇವಿನ ಪಾಲು ಎಷ್ಟು ಅಂತ ಬೇರೆಯಾಗುತ್ತದೆ, ಉಳಿದ ಹೋತಗಳನ್ನೂ ಅದೇ ಅಳತೆಯಲ್ಲಿ ನೋಡಬಹುದು. ಅದಕ್ಕೆ ಎರಡು ಹೋತಗಳನ್ನು ದೊಡ್ಡಿಯಿಂದ ದೊಡ್ಡಿಗೆ ಕಳಿಸಿದೆವು. ಕಳಿಸುವ ಮುಂಚೆ ಪಿಪಿಆರ್ (ಆಡಿನ ಪ್ಲೇಗ್) ಲಸಿಕೆ, ಗಬ್ಬ ಕಂದು ಹಾಕಿಸುವ ಬ್ರುಸೆಲ್ಲಾ ರೋಗಕ್ಕೆ ರಕ್ತ ಪರೀಕ್ಷೆ. ಇದನ್ನು ಯಾರೂ ಬಿಡಬೇಡಿ. ಹೋತದ ಜೊತೆ ರೋಗವೂ ನಾಲ್ಕೂ ಕಡೆ ತಿರುಗುತ್ತದೆ.

ಗಬ್ಬದ 150 ದಿನ, ಮೇಲೆ 90 ದಿನ. ಎಂಟು ತಿಂಗಳು ಕಾದ ಮೇಲೆ ಫಲಿತಾಂಶ ಬಂತು. ಎಲ್ಲರೂ ಹೊಗಳುತ್ತಿದ್ದ, ಕುದುರೆಮಸಾಲೆ ಮನೆಯ ಹೋತ ಮಧ್ಯಕ್ಕೆ ಇಳಿಯಿತು. ಯವತದ ಬರಡು ಗುಡ್ಡದಲ್ಲಿ ಮೇಯ್ದ, ಯಾರೂ ತಿರುಗಿಯೂ ನೋಡದ ಒಂದು ಹೋತ ಮೇಲೆ ಬಂತು. ನನಗಂತೂ ಆ ದಿನ ತುಂಬಾ ಖುಷಿಯಾಯಿತು.

ಅಂಕಿ ಹೇಗೆ ಬರೆಯಬೇಕು ಅನ್ನೋದಕ್ಕೂ ಚರ್ಚೆ ಆಯಿತು. ಆಸ್ಟ್ರೇಲಿಯಾದವರು ಹೋತದ ಪೂರ್ತಿ ಗುಣವನ್ನು ಬರೆಯುತ್ತಾರೆ, ಅಮೆರಿಕದ ಮಾಂಸದ ದನದವರು ತಮ್ಮ ಹೋರಿಯ ಗುಣದ ಅರ್ಧ. ಮರಿಗೆ ಅಪ್ಪನಿಂದ ಬರುವುದು ಅರ್ಧ ತಾನೆ? ಮಾವನಿಗೆ ಅಮೆರಿಕದ ರೀತಿಯೇ ಹಿಡಿಸಿತು. "ಮರಿಗೆ ಎಷ್ಟು ಸಿಗತೈತಿ ಅದನ್ನ ಹೇಳು" ಅಂದರು. ಪಕ್ಕದಲ್ಲಿ ಎಷ್ಟು ಮರಿ ನೋಡಿ ಬಂದ ಅಂಕಿ ಅಂತಲೂ ಬರೆಯುತ್ತೇವೆ. ನಾಲ್ಕು ಮರಿ ನೋಡಿ ಹೇಳಿದ್ದನ್ನು ಮೂವತ್ತು ಮರಿ ನೋಡಿ ಹೇಳಿದಷ್ಟು ನಂಬೋಕೆ ಆಗಲ್ಲ.

ಜತ್ತದವರಿಗೆ ಮೊದಲು ಈ ಲೆಕ್ಕಕ್ಕೆ ಸೇರೋಕೆ ಮನಸ್ಸಿರಲಿಲ್ಲ. "ನನ್ನ ಹೋತ ಕೆಳಗ ಬಂದ್ರ ಯಾರು ತಗೋತಾರ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಹೊರಗಿನವರಿಗೆ ಪಟ್ಟಿ ತೋರಿಸಲ್ಲ, ನಾಲ್ವರಿಗೆ ಮಾತ್ರ ಎಲ್ಲರದ್ದೂ ಕಾಣುತ್ತದೆ ಅಂತ ತೀರ್ಮಾನ ಆದ ಮೇಲೆ ಒಪ್ಪಿದರು.

ಒಂದೇ ದೊಡ್ಡಿ ಇರುವವರಿಗೆ ಎರಡನೇ ದಾರಿ ಸಾಕು ಅಂತ ನಾನು ಹೇಳುತ್ತೇನೆ. ಮೂರು–ನಾಲ್ಕು ಮನೆಯವರು ಸೇರುತ್ತಿದ್ದರೆ ಮೂರನೆಯದೇ ಸರಿ. ಆದರೆ ಪ್ರೋಗ್ರಾಂ ಹುಡುಕೋಕೆ ಹೋಗಬೇಡಿ, ಮೊದಲು ತಕ್ಕಡಿ ತಗೊಳ್ಳಿ, ಹೋತ ಹಂಚಿಕೊಳ್ಳಿ. ಲೆಕ್ಕ ಹಾಕೋಕೆ ನನಗೆ ಒಂದು ಸಂಜೆ ಹಿಡಿಯಿತು. ತೂಕದ ಪುಸ್ತಕ ಸರಿಯಾಗಿ ತುಂಬೋಕೆ ಎರಡು ವರ್ಷ ಬೇಕಾಯಿತು. ಈ ದಸರೆ ಆದ ಮೇಲೆ ಯವತದ ಹೋತ ಲೋಣಿಗೆ ಬರುತ್ತದೆ. ಮಾವ ಈಗಾಗಲೇ ಅದಕ್ಕೆ ಬೇರೆ ಗೂಟ ಹೊಡೆದಿದ್ದಾರೆ.