ಅರ್ಧ ಗಂಟೆಗೊಂದು ದರ: ಆಕ್ಟೋಪಸ್ 'ಅಜೈಲ್' ಯಾರ ಮನೆಗೆ ಸರಿ?

ಬ್ರಿಟನ್ನಿನ ವಿದ್ಯುತ್ ಕಂಪನಿ ಆಕ್ಟೋಪಸ್ ಎನರ್ಜಿ 2018ರಲ್ಲಿ ತಂದ 'ಅಜೈಲ್' ಯೋಜನೆಯಲ್ಲಿ ಕರೆಂಟಿನ ದರ ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ. ರಾತ್ರಿ 11ರಿಂದ ಮರುದಿನ ರಾತ್ರಿ 11ರವರೆಗಿನ ದರಪಟ್ಟಿ ಸಂಜೆ ನಾಲ್ಕರ ಸುಮಾರಿಗೇ ಸಿಗುತ್ತದೆ. ಗಾಳಿ ಜೋರಾಗಿ ಗಾಳಿಯಂತ್ರಗಳ ಕರೆಂಟ್ ಹೆಚ್ಚಾದ ರಾತ್ರಿ ದರ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಆಗ ಬಳಸಿದ್ದಕ್ಕೆ ನಮ್ಮ ಖಾತೆಗೇ ದುಡ್ಡು ಜಮೆ. ಸಂಜೆ 4ರಿಂದ 7ರವರೆಗೆ ಮಾತ್ರ ಯೂನಿಟ್ಟಿಗೆ ಹತ್ತು ಪೆನ್ಸ್‌ಗೂ ಮಿಕ್ಕಿ ಹೆಚ್ಚುವರಿ ಬೀಳುತ್ತದೆ. ಗಾಳಿಯಿಲ್ಲದ ಚಳಿಗಾಲದ ಸಂಜೆ ದರ ಎಷ್ಟೇ ಏರಿದರೂ ಯೂನಿಟ್ಟಿಗೆ 100 ಪೆನ್ಸ್ (ಒಂದು ಪೌಂಡ್) ದಾಟದು.

ಉಳಿತಾಯವೆಲ್ಲ ಹೊತ್ತು ಬದಲಿಸಬಹುದಾದ ಬಳಕೆ ಮನೆಯಲ್ಲಿ ಎಷ್ಟಿದೆ ಎಂಬುದರ ಮೇಲಿದೆ. ಡಿಶ್‌ವಾಷರ್ ಒಂದು ಸಲಕ್ಕೆ ಸುಮಾರು 1 ಯೂನಿಟ್ ಎಳೆಯುತ್ತದೆ. ದರ ಯೂನಿಟ್ಟಿಗೆ 20 ಪೆನ್ಸ್ ಕಡಿಮೆಯಿರುವ ಹೊತ್ತಿನಲ್ಲಿ ಹಾಕಿದರೆ ಉಳಿಯುವುದು ಅಷ್ಟೇ 20 ಪೆನ್ಸ್. ಅದೇ ವ್ಯತ್ಯಾಸದಲ್ಲಿ ವಿದ್ಯುತ್ ಕಾರಿಗೆ 40 ಯೂನಿಟ್ ತುಂಬಿದರೆ 8 ಪೌಂಡ್. 7 ಕಿಲೋವ್ಯಾಟ್ ಚಾರ್ಜರ್‌ಗೆ ಇದು ಆರು ಗಂಟೆಯ ಕೆಲಸ, ಅಂದರೆ ಅತಿ ಅಗ್ಗದ ಹನ್ನೆರಡು ಅರ್ಧಗಂಟೆಗಳನ್ನು ಆರಿಸಿಕೊಂಡರಾಯಿತು. ಬಿಸಿನೀರಿನ ಟ್ಯಾಂಕಿನ 3 ಕಿಲೋವ್ಯಾಟ್ ಹೀಟರ್ ಕೂಡ ಒಳ್ಳೆಯ ಅಭ್ಯರ್ಥಿ. ಆದರೆ ಅದಕ್ಕೆ ಪ್ಲಗ್‌ನಲ್ಲಿ ಸಿಕ್ಕಿಸುವ ಅಗ್ಗದ ಟೈಮರ್ ಬೇಡ, ಬಿಸಿಯಾಗಿ ಕರಗೀತು. 16 ಆಂಪಿಯರ್‌ನ ಗೋಡೆ ಟೈಮರನ್ನು ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ. ಬಟ್ಟೆ ಒಣಗಿಸುವ ಡ್ರೈಯರನ್ನು ಮಾತ್ರ ಎಷ್ಟೇ ಅಗ್ಗವಿದ್ದರೂ ಎಲ್ಲರೂ ಮಲಗಿದ ಮೇಲೆ ಓಡಿಸಬೇಡಿ, ಬೆಂಕಿಯ ಭಯವಿದೆ. ಬಿಸಿಲಿನ ದಿನ ಮಧ್ಯಾಹ್ನದ ದರವೂ ಸಾಮಾನ್ಯವಾಗಿ ಇಳಿದಿರುತ್ತದೆ.

ಎಡವಟ್ಟಾಗುವುದು ಚಿಕ್ಕ ಚಿಕ್ಕ ಕಡೆ. ಕೆಲವು ವಾಷಿಂಗ್ ಮಷಿನ್‌ಗಳಲ್ಲಿ 'ಡಿಲೇ' ಗುಂಡಿ ಶುರುವಾಗುವ ಹೊತ್ತನ್ನಲ್ಲ, ಮುಗಿಯುವ ಹೊತ್ತನ್ನು ಹೇಳುತ್ತದೆ. ಮೂರು ಗಂಟೆಯ ಪ್ರೋಗ್ರಾಂ ಆದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಎಪಿಐ (ಕಂಪನಿಯ ದರಪಟ್ಟಿಯನ್ನು ನೇರ ನಮ್ಮ ಪ್ರೋಗ್ರಾಂಗೆ ತಲುಪಿಸುವ ಆನ್‌ಲೈನ್ ದಾರಿ) ಮೂಲಕ ದರ ಎಳೆದು ತಾವೇ ಆಟೊಮೇಷನ್ ಮಾಡುವವರು ಗಮನಿಸಿ: ಅಲ್ಲಿನ ಸಮಯ ಯುಟಿಸಿ, ಅಂದರೆ ಋತುವಿಗೆ ತಕ್ಕಂತೆ ಬದಲಾಗದ ಜಾಗತಿಕ ಪ್ರಮಾಣ ಸಮಯ. ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ಸರಿಪಡಿಸದಿದ್ದರೆ ಎಲ್ಲವೂ ತಪ್ಪು ಹೊತ್ತಿಗೆ ಹತ್ತಿಕೊಳ್ಳುತ್ತದೆ. ಸ್ಮಾರ್ಟ್ ಮೀಟರ್ ಇದ್ದರಷ್ಟೇ ಸಾಲದು, ಅರ್ಧಗಂಟೆಯ ರೀಡಿಂಗ್ ಕಳಿಸಲು ನೀವು ಒಪ್ಪಿಗೆಯನ್ನೂ ಕೊಟ್ಟಿರಬೇಕು.

ರಾತ್ರಿ ಅಡುಗೆಗೆ ಏಳರ ಮೇಲೆ ಒಲೆ ಹಚ್ಚುವ ನಮ್ಮವರ ಮನೆಗಳಿಗೆ ಸಂಜೆಯ ದುಬಾರಿ ಹೊತ್ತು ಅಷ್ಟೇನೂ ತಟ್ಟದು. ಶಾಲೆಯಿಂದ ಬಂದ ಮಕ್ಕಳಿಗೆ ಐದಕ್ಕೇ ಊಟವಾಗಬೇಕು, ಒಲೆ ಕರೆಂಟಿನದು, ವಿದ್ಯುತ್ ಕಾರಾಗಲಿ ಕರೆಂಟ್ ಕೂಡಿಡುವ ಬ್ಯಾಟರಿಯಾಗಲಿ ಇಲ್ಲ ಎಂದರೆ ಸ್ಥಿರ ದರದ ಯೋಜನೆಯೇ ಲೇಸು. ಸೇರುವ ಮುಂಚೆ ಒಂದು ತಿಂಗಳ ಅರ್ಧಗಂಟೆ ಬಳಕೆ ತೆಗೆದು 4-7ರ ಪಾಲು ಕೂಡಿಸಿ ನೋಡಿ. ಕಾಲುಭಾಗ ದಾಟಿದ್ದರೆ ನಾವು ಬೇಡ ಎನ್ನುತ್ತೇವೆ. ಸೇರಿದ ಮೇಲೆ ಹೊಂದದಿದ್ದರೆ ಬಿಡಬಹುದು, ನಿರ್ಗಮನ ಶುಲ್ಕವಿಲ್ಲ.