ಮೋಟರ್‌ಹೋಮ್‌ನ ಪ್ರೊಪೇನ್ ಫರ್ನೇಸ್: ಹಲವು ಚಳಿಗಾಲಗಳ ಬಳಕೆಯ ನಂತರ

ನಮ್ಮ ಮೋಟರ್‌ಹೋಮ್‌ನೊಂದಿಗೇ (ಮನೆಯಂತೆ ವಾಸಿಸಬಹುದಾದ ವಾಹನ) ಬಂದ, ಒಳಗನ್ನು ಬೆಚ್ಚಗಿಡುವ ಪ್ರೊಪೇನ್ ಫರ್ನೇಸನ್ನು ಹಲವು ಚಳಿಗಾಲಗಳಲ್ಲಿ ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಗಂಟೆಗೆ 30,000 ಬಿಟಿಯು, ಅಂದರೆ ಸುಮಾರು 8.8 ಕಿಲೋವ್ಯಾಟ್‌ನಷ್ಟು ಇಂಧನ ಉರಿಸುವ ಈ ಉಪಕರಣವು ಒಮ್ಮೆ ಹೊತ್ತಿಕೊಂಡರೆ ಒಳಗಿನ ಚಳಿಯನ್ನು ಬೇಗನೆ ಓಡಿಸುತ್ತದೆ, ಆ ವಿಷಯದಲ್ಲಿ ನನಗೆ ತಕರಾರಿಲ್ಲ. ಹೊತ್ತಿಕೊಳ್ಳದಿದ್ದಾಗ ಮಾತ್ರ ಏಕೆ ಎಂಬುದನ್ನು ಅದು ಬಳಸುವವರಿಗೆ ತಿಳಿಸುವುದಿಲ್ಲ. ಫ್ಯಾನ್ ತಿರುಗುತ್ತದೆ, ತಣ್ಣನೆಯ ಗಾಳಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲವೂ ನಿಲ್ಲುತ್ತದೆ.

ಇದನ್ನು ಬಿಡಿಸಿಕೊಳ್ಳಲು ಫರ್ನೇಸ್ ಕೆಲಸ ಮಾಡುವ ಕ್ರಮವನ್ನು ತಿಳಿದಿರಬೇಕು. ಥರ್ಮೋಸ್ಟಾಟ್ ಬಿಸಿ ಕೇಳಿದೊಡನೆ ಮೊದಲು ಚಾಲೂ ಆಗುವುದು 12 ವೋಲ್ಟಿನ ಬ್ಲೋವರ್, ಅಂದರೆ ಗಾಳಿ ಊದುವ ಫ್ಯಾನ್. ಅದರ ಗಾಳಿ ಸಾಕಷ್ಟು ಬಿರುಸಾದಾಗ ಮಾತ್ರ ಸೇಲ್ ಸ್ವಿಚ್ ಎಂಬ ತೆಳು ತಗಡಿನ ಪಟ್ಟಿ ಒತ್ತಿಕೊಂಡು ವಿದ್ಯುತ್ತನ್ನು ಕಂಟ್ರೋಲ್ ಬೋರ್ಡಿಗೆ ಬಿಡುತ್ತದೆ. ಅತಿ ಬಿಸಿಯನ್ನು ತಡೆಯುವ ಲಿಮಿಟ್ ಸ್ವಿಚ್ ಕೂಡ ಇದೇ ಸಾಲಿನಲ್ಲಿರುತ್ತದೆ. ಬೋರ್ಡು ಒಳಗೆ ಉಳಿದಿರಬಹುದಾದ ಅನಿಲ ಹೊರಹೋಗಲೆಂದು ಕೆಲವು ಸೆಕೆಂಡು ಕಾದು, ಗ್ಯಾಸ್ ವಾಲ್ವ್ ತೆರೆದು ಕಿಡಿ ಹಾರಿಸುತ್ತದೆ. ಜ್ವಾಲೆ ಇದೆಯೆಂಬ ಸುಳಿವು ಎಲೆಕ್ಟ್ರೋಡಿನಿಂದ ಸಿಗದಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು ಬಾರಿ ಪ್ರಯತ್ನಿಸಿದ ಮೇಲೆ ಬೋರ್ಡು ಲಾಕ್ ಆಗಿಬಿಡುತ್ತದೆ.

ಆದ್ದರಿಂದ ಬ್ಲೋವರ್ ತಿರುಗುತ್ತಿದ್ದೂ ಕಿಡಿಯ ಟಿಕ್ ಟಿಕ್ ಸದ್ದು ಕೇಳಿಸದಿದ್ದರೆ ಸಿಲಿಂಡರನ್ನು ಶಂಕಿಸುವುದು ವ್ಯರ್ಥ. ಮೊದಲು ಬ್ಯಾಟರಿಯನ್ನು ನೋಡಬೇಕು, ಅದರ ಕಸುವು ಕುಗ್ಗಿದರೆ ಸೇಲ್ ಸ್ವಿಚ್ ಒತ್ತುವಷ್ಟು ಬಿರುಸಾಗಿ ಬ್ಲೋವರ್ ತಿರುಗುವುದಿಲ್ಲ. ಈ ಒಂದು ಮಾತನ್ನು ಬಳಕೆಯ ಕೈಪಿಡಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ಬ್ಲೋವರ್ ಸುಮಾರು 8 ಆಂಪಿಯರ್ ಎಳೆಯುವುದರಿಂದ, 100 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದೆ ಬಳಸಿದರೆ ಬ್ಲೋವರ್ ಹೆಚ್ಚೆಂದರೆ ಆರು ಗಂಟೆ ತಿರುಗೀತು, ಚಳಿಯಲ್ಲಿ ಬ್ಯಾಟರಿಯ ಕಸುವು ಕುಗ್ಗುವುದರಿಂದ ಅದಕ್ಕೂ ಕಡಿಮೆ. ಬೆಳಗಿನ ಜಾವ, ಬಿಸಿ ಅತಿ ಹೆಚ್ಚು ಬೇಕಾದ ಹೊತ್ತಿಗೇ ಫರ್ನೇಸ್ ಕೈಕೊಡುವುದಕ್ಕೆ ಇದೇ ಕಾರಣ. ವೋಲ್ಟೇಜನ್ನು ಬ್ಯಾಟರಿಯ ಬಳಿಯಲ್ಲ, ಬ್ಲೋವರ್ ತಿರುಗುತ್ತಿರುವಾಗಲೇ ಫರ್ನೇಸಿಗೆ ಬರುವ ತಂತಿಗಳ ತುದಿಯಲ್ಲಿ ಅಳೆಯಬೇಕು. ಬ್ಯಾಟರಿಯಲ್ಲಿ 12.4 ತೋರಿಸುವ ಮಲ್ಟಿಮೀಟರ್ ಇಲ್ಲಿ 11ರ ಸುತ್ತಮುತ್ತ ತೋರಿಸಿದರೆ ಎಲ್ಲೋ ಒಂದು ಸಡಿಲ ಕನೆಕ್ಷನ್ ಅಥವಾ ತುಕ್ಕು ಹಿಡಿದ ಅರ್ಥಿಂಗ್ ಇದೆಯೆಂದೇ ತಿಳಿಯಬೇಕು. ನಾನು ತೋರಿಸಿದ ರಿಪೇರಿಯವರೊಬ್ಬರು ಮೀಟರನ್ನು ಹೊರತೆಗೆಯುವ ಮೊದಲೇ ಹೊಸ ಬೋರ್ಡು ಹಾಕಿಸಿ ಎಂದರು. ಬೋರ್ಡು ಹಳೆಯದೇ ಉಳಿಯಿತು, ಅರ್ಥಿಂಗ್ ತಂತಿಯ ತುದಿಯನ್ನು ಉಜ್ಜಿ ಬಿಗಿ ಮಾಡಿದ ಮೇಲೆ ಬಿಸಿ ಬಂದಿತು.

ವೋಲ್ಟೇಜ್ ಸರಿಯಿದ್ದೂ ಕಿಡಿ ಬಾರದಿದ್ದರೆ ಸೇಲ್ ಸ್ವಿಚ್ಚಿನ ಸರದಿ. ದೂಳು, ಸಾಕುಪ್ರಾಣಿಯ ಕೂದಲು, ಸತ್ತ ಹುಳ, ಇಷ್ಟು ಸಾಕು ಅದು ಅಂಟಿಕೊಳ್ಳಲು. ಅದನ್ನು ತಂತಿ ಸುತ್ತಿ ಶಾಶ್ವತವಾಗಿ ಬೈಪಾಸ್ ಮಾಡಬಹುದೆಂಬ ಸಲಹೆ ಕೊಡುವವರಿದ್ದಾರೆ. ದಹನಕ್ಕೆ ಬೇಕಾದ ಗಾಳಿ ಇದೆಯೆಂದು ಖಾತರಿಪಡಿಸುವ ಕಾವಲನ್ನೇ ತೆಗೆದುಹಾಕುವ ಆ ಸಲಹೆಯನ್ನು ಯಾರೂ ಪಾಲಿಸಬಾರದು.

ಕಿಡಿ ಹಾರಿಯೂ ಬೆಂಕಿ ಹೊತ್ತದಿದ್ದಾಗ ಮಾತ್ರ ಅನಿಲದ ಕಡೆ ತಿರುಗಬೇಕು. ಸಿಲಿಂಡರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ; ಒಲೆಯನ್ನು ಕೊಂಚ ಹೊತ್ತು ಉರಿಸಿದರೆ ಅದು ಹೋಗುತ್ತದೆ. ಒಲೆ ಉರಿಯುತ್ತಿರುವಾಗ ಫರ್ನೇಸ್ ಚಾಲೂ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ: ಒಲೆಯ ಜ್ವಾಲೆ ಕುಗ್ಗಿದರೆ ರೆಗ್ಯುಲೇಟರ್ ಸಾಕಷ್ಟು ಅನಿಲ ಕೊಡುತ್ತಿಲ್ಲವೆಂದು ಅರ್ಥ. ಉಪಕರಣಗಳು ಉರಿಯುತ್ತಿರುವಾಗ ಅನಿಲದ ಒತ್ತಡ 11 ಇಂಚು ಎತ್ತರದ ನೀರಿನ ಕಂಬದ ಒತ್ತಡದಷ್ಟಿರಬೇಕು, ಅದನ್ನು ಅಳೆಯುವುದು ಬಲ್ಲವರ ಕೆಲಸ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಆವಿಯಾಗುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಆದ್ದರಿಂದ ಬ್ಯೂಟೇನ್ ಹೆಚ್ಚಿರುವ ಮಿಶ್ರಣವನ್ನು ಚಳಿಗಾಲಕ್ಕೆ ತುಂಬಿಸಿಕೊಳ್ಳಬಾರದು. ಬೇಸಿಗೆಯಿಡೀ ನಿಂತ ವಾಹನದ ಹೊಗೆಗೊಳವೆಯಲ್ಲಿ ಕಣಜದ ಹುಳಗಳು ಮಣ್ಣಿನ ಗೂಡು ಕಟ್ಟಿ ದಾರಿ ಮುಚ್ಚುವುದೂ ಸಾಮಾನ್ಯ.

ಹೊತ್ತಿಕೊಂಡ ಮೇಲೆ ಮತ್ತೆ ಮತ್ತೆ ಆರುತ್ತಿದ್ದರೆ ಗಾಳಿಯ ದಾರಿ ಮುಚ್ಚಿ ಲಿಮಿಟ್ ಸ್ವಿಚ್ ಕಡಿತಗೊಳ್ಳುತ್ತಿರುವ ಸಂಭವ ಹೆಚ್ಚು. ಜಾಲರಿಯ ಎದುರು ಚೀಲಗಳನ್ನಿಡದಿದ್ದರೆ ಅರ್ಧ ತೊಂದರೆ ಕಳೆಯುತ್ತದೆ.

ಹೀಟ್ ಎಕ್ಸ್‌ಚೇಂಜರ್ (ಬೆಂಕಿಯ ಬಿಸಿಯನ್ನು ಹೊಗೆ ಬೆರೆಯದಂತೆ ಒಳಗಿನ ಗಾಳಿಗೆ ದಾಟಿಸುವ ಲೋಹದ ಭಾಗ) ಬಿರುಕು ಬಿಟ್ಟರೆ ಮಾತ್ರ ದುರಸ್ತಿಯ ಯೋಚನೆಯೇ ಬೇಡ; ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗುವ ಜಾಗಕ್ಕೇ ಬರುವುದರಿಂದ ಅದನ್ನು ಬದಲಿಸಲೇಬೇಕು, ಆ ಅನಿಲದ ಪತ್ತೆಯಂತ್ರವಿಲ್ಲದೆ ಫರ್ನೇಸ್ ಹಚ್ಚಿ ಮಲಗಲೂಬಾರದು.

ಇಂಧನದ ಖರ್ಚು ಕಡಿಮೆಯೇನಲ್ಲ: ನಿಲ್ಲದೆ ಉರಿದರೆ ಗಂಟೆಗೆ ಸುಮಾರು 0.6 ಕಿಲೋ ಪ್ರೊಪೇನ್. ಸದ್ದೂ ಜಾಸ್ತಿ, ನಿದ್ದೆ ತೆಳುವಾದವರಿಗೆ ಹಿಂಸೆಯೇ. ಇಷ್ಟಾದರೂ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೂರ್ತಿ ವಿನ್ಯಾಸಕ್ಕೆ ಸೇರಿದ್ದು: ದೋಷ ಸೂಚಿಸುವ ಪುಟ್ಟ ದೀಪ ಬೋರ್ಡಿನ ಮೇಲೆ ಇದೆ, ಆದರೆ ಅದನ್ನು ನೋಡಲು ಇಡೀ ಪೆಟ್ಟಿಗೆಯನ್ನು ಕಳಚಿ ಹೊರಗೆಳೆಯಬೇಕು. ಹೊಸದಾಗಿ ಕೊಳ್ಳುವವರು ಬೋರ್ಡು ಮತ್ತು ಸೇಲ್ ಸ್ವಿಚ್ ಎರಡೂ ಹೊರಬದಿಯ ಬಾಗಿಲಿನಿಂದಲೇ ಕೈಗೆಟಕುವ ಮಾದರಿಯನ್ನು ಕೇಳಿ ಪಡೆಯುವುದು ಒಳಿತು.